ಶಾಲೆ ಎಲ್ಲ ಮಕ್ಕಳ ಹಕ್ಕು ಅಂತ ಪುಟ್ಟ ಮಕ್ಕಳಿಗೆ ಹೇಳೋದು ಹೇಗೆ? ಮುಂಬೈ ಕನ್ನಡ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಘಾಟ್‌ಕೋಪರ್‌ನಲ್ಲಿ ನಾವು ಕೆಲವರು ಸೇರಿ ಭಾನುವಾರದ ಕನ್ನಡ ಕ್ಲಾಸ್ ನಡೆಸುತ್ತೇವೆ. ಬರುವವರು ಐದರಿಂದ ಒಂಬತ್ತು ವರ್ಷದ ಮಕ್ಕಳು. ಅರ್ಧ ಮಕ್ಕಳ ಮನೆಮಾತು ತುಳು, ಇನ್ನರ್ಧ ಕಲಬುರಗಿ, ವಿಜಯಪುರ ಕಡೆಯವರು. ಜಗಳ ಮಾತ್ರ ಎಲ್ಲರದ್ದೂ ಹಿಂದಿಯಲ್ಲೇ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ನಾಲ್ಕು ಭಾನುವಾರ ಕಾಗುಣಿತ ಬದಿಗಿಟ್ಟು, ಶಾಲೆಗೆ ಹೋಗುವ ಹಕ್ಕಿನ ಬಗ್ಗೆ ಮಾತಾಡುತ್ತೇವೆ. ಆಗ ಮಕ್ಕಳಿಗಿಂತ ಜಾಸ್ತಿ ಪ್ರಶ್ನೆ ಕೇಳುವವರು ಅಪ್ಪ ಅಮ್ಮಂದಿರು. ಅವರಿಗೆ ನಾನು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಇಷ್ಟು ಚಿಕ್ಕ ಮಕ್ಕಳಿಗೆ ಕಾನೂನು ಗೀನೂನು ಯಾಕೆ ಟೀಚರ್?

ಕಾನೂನು ಹೇಳಿಕೊಡೋದಿಲ್ಲ. ನ್ಯಾಯ ಅನ್ಯಾಯ ಅವರಿಗೆ ನಾವು ಕಲಿಸಬೇಕಾಗಿಯೂ ಇಲ್ಲ. ಹೋಳಿಗೆಯ ದೊಡ್ಡ ತುಂಡು ಅಣ್ಣನಿಗೆ ಹೋದರೆ ನಾಲ್ಕು ವರ್ಷದ ತಂಗಿಗೆ ತಕ್ಷಣ ಗೊತ್ತಾಗುತ್ತದೆ. ಅವರಿಗೆ ಗೊತ್ತಿಲ್ಲದ್ದು ಒಂದೇ: ಶಾಲೆ ಎಲ್ಲರಿಗೂ ಸಿಗುತ್ತಿರಲಿಲ್ಲ ಅನ್ನೋದು. ಜೂನ್ ಬಂದರೆ ಮಳೆ ಬರುತ್ತದೆ, ಶಾಲೆಯೂ ಬರುತ್ತದೆ, ಅಷ್ಟೇ ಅಂದುಕೊಂಡಿರುತ್ತಾರೆ.

ಅದಕ್ಕೇ ಮೊದಲ ಭಾನುವಾರ ಮನೆಗೆಲಸ ಕೊಡುತ್ತೇನೆ. ಮನೆಯ ಹಿರಿಯರೊಬ್ಬರನ್ನು ಎರಡು ಪ್ರಶ್ನೆ ಕೇಳಿಕೊಂಡು ಬರಬೇಕು. ಎಷ್ಟನೇ ಕ್ಲಾಸಿನ ತನಕ ಓದಿದಿರಿ? ಯಾಕೆ ಬಿಟ್ಟಿರಿ? ಊರಿಗೆ ಫೋನ್ ಮಾಡಿ ಕೇಳಿದರೂ ಸರಿ.

ಬರುವ ಉತ್ತರಗಳು ಒಂದಕ್ಕಿಂತ ಒಂದು ಬೇರೆ. "ಅಜ್ಜಿ ಮೂರನೇ ಕ್ಲಾಸ್. ತಮ್ಮ ಹುಟ್ಟಿದ, ತೊಟ್ಟಿಲು ತೂಗೋಕೆ ಯಾರೂ ಇರಲಿಲ್ಲ." "ಅಜ್ಜ ಐದನೇ ಕ್ಲಾಸ್. ಹೊಳೆ ದಾಟಬೇಕಿತ್ತು, ಮಳೆಗಾಲದಲ್ಲಿ ದೋಣಿ ಇರಲಿಲ್ಲ." "ದೊಡ್ಡಮ್ಮ ದೊಡ್ಡವಳಾದಳು ಅಂತ ಬಿಡಿಸಿದರು." ಇದಕ್ಕೆ ಮಕ್ಕಳು, ದೊಡ್ಡವಳಾದರೆ ಮುಂದಿನ ಕ್ಲಾಸಿಗೆ ಕಳಿಸಬೇಕಲ್ವಾ ಅಂತ ಕೇಳುತ್ತಾರೆ. ಒಬ್ಬ ಹುಡುಗ ಮಾತ್ರ ಖಾಲಿ ಕೈಯಲ್ಲಿ ಬಂದ. "ನಮ್ಮಜ್ಜ ಶಾಲೆಗೇ ಹೋಗಿಲ್ವಂತೆ. ಕ್ಲಾಸಲ್ಲಿ ಹೇಳಬೇಡ ಅಂದ್ರು." ಮುಂದಿನ ವಾರ ಆ ಅಜ್ಜನೇ ಕ್ಲಾಸಿಗೆ ಬಂದು, ಎತ್ತು ಮೇಯಿಸುತ್ತಾ ಶಾಲೆಯ ಕಿಟಕಿಯಿಂದ ಮಗ್ಗಿ ಕೇಳಿಸಿಕೊಂಡದ್ದನ್ನು ಹೇಳಿದರು. ಹದಿಮೂರರ ಮಗ್ಗಿ ಅವರಿಗೆ ಬರುತ್ತದೆ. ನನಗೆ ಬರುವುದಿಲ್ಲ.

'ಹಕ್ಕು' ಅನ್ನೋ ಪದವನ್ನು ಐದು ವರ್ಷದ ಮಗುವಿಗೆ ಹೇಗೆ ಬಿಡಿಸಿ ಹೇಳೋದು?

ಮೊದಮೊದಲು ನಾನು ಊಟದ ಪಂಕ್ತಿಯ ಉದಾಹರಣೆ ಕೊಡುತ್ತಿದ್ದೆ. ಪಂಕ್ತಿಯಲ್ಲಿ ಕೂತವನ ಮುಂದೆ ಎಲೆ ಬಿತ್ತು ಅಂದರೆ ಬಡಿಸಲೇಬೇಕು. ಬಡಿಸುವವನಿಗೆ ನಿನ್ನ ಮುಖ ಇಷ್ಟವೋ ಇಲ್ಲವೋ, ಅದು ಲೆಕ್ಕಕ್ಕಿಲ್ಲ. ಚೆನ್ನಾಗಿದೆ ಅಂದುಕೊಂಡಿದ್ದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ತಂದೆ ಮೆಲ್ಲಗೆ ಕೇಳಿದರು: "ನಿಮ್ಮೂರ ಕಡೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಿದ್ದರಾ ಟೀಚರ್?"

ಇಲ್ಲ, ಕೂರಿಸುತ್ತಿರಲಿಲ್ಲ. ಆ ಉದಾಹರಣೆಯನ್ನು ಅವತ್ತೇ ಬಿಟ್ಟೆ.

ಈಗ ಶಾಲೆಯ ಬಿಸಿಯೂಟದ ಮಾತು ಹೇಳುತ್ತೇನೆ. ಪಾಲಿಕೆ ಶಾಲೆಯ ಮಕ್ಕಳಿಗೆ ಅದು ಖಿಚಡಿ. ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶ ಮಾಡಿತು. ಹಾಗಾಗಿ ಅದು ಯಾರೋ ಪಾಪ ಅಂತ ಕೊಡುವ ಊಟ ಅಲ್ಲ. ಒಂದು ದಿನ ತಪ್ಪಿದರೆ "ಯಾಕೆ ಇಲ್ಲ?" ಅಂತ ಕೇಳಬಹುದು. ಮಕ್ಕಳಿಗೆ ಇದನ್ನೇ ಹೇಳುತ್ತೇನೆ: ಸಿಕ್ಕಾಗ ಕೈ ಮುಗಿಯಬೇಕಾಗಿಲ್ಲ, ಸಿಗದಿದ್ದಾಗ ಕೇಳಬಹುದು, ಅಂಥದ್ದು ಹಕ್ಕು. ಚಾಕಲೇಟ್ ಹಾಗಲ್ಲ. "ಹಾಗಾದರೆ ಮೊಬೈಲ್?" ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅದೂ ಅಲ್ಲ.

ನಮಗೇ ಸರಿಯಾಗಿ ಗೊತ್ತಿಲ್ಲ. ಕಾಯ್ದೆಯಲ್ಲಿ ಏನಿದೆ?

2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿ ತಂದು 21ಎ ವಿಧಿ ಸೇರಿಸಿದರು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿ ಮಾಡುವ ಕಾಯ್ದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಲಾಗೂ ಆಯಿತು. ಎಲ್ಲರೂ ಆರ್‌ಟಿಇ (ರೈಟ್ ಟು ಎಜುಕೇಶನ್, ಶಿಕ್ಷಣ ಹಕ್ಕು) ಅನ್ನುವುದು ಇದನ್ನೇ.

ಇಲ್ಲಿ ನಾವು ಕನ್ನಡದವರು ಹೆಮ್ಮೆಯಿಂದಲೋ ಮುಜುಗರದಿಂದಲೋ ನೆನಪಿಡಬೇಕಾದ ಒಂದು ಸಂಗತಿ ಇದೆ. ಶಿಕ್ಷಣ ಹಕ್ಕು ಅಂತ ಸುಪ್ರೀಂ ಕೋರ್ಟ್ ಮೊದಲು ಗಟ್ಟಿಯಾಗಿ ಹೇಳಿದ್ದು 1992ರಲ್ಲಿ, ಮೋಹಿನಿ ಜೈನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ. ಮೆಡಿಕಲ್ ಕಾಲೇಜಿನ ಕ್ಯಾಪಿಟೇಶನ್ ಶುಲ್ಕದ, ಅಂದರೆ ಸೀಟಿಗಾಗಿ ಕೇಳುವ ಹೆಚ್ಚುವರಿ ಹಣದ ಜಗಳ ಅದು. ಮರುವರ್ಷ ಇನ್ನೊಂದು ತೀರ್ಪಿನಲ್ಲಿ ಅದೇ ಕೋರ್ಟ್ ಈ ಹಕ್ಕನ್ನು 14 ವರ್ಷದ ತನಕದ ಶಿಕ್ಷಣಕ್ಕೆ ಸೀಮಿತ ಮಾಡಿತು.

'ಕಡ್ಡಾಯ' ಅಂದ ಕೂಡಲೇ ಮಕ್ಕಳ ಮುಖ ಸಣ್ಣದಾಗುತ್ತದೆ. ಅಮ್ಮ ಎಳೆದುಕೊಂಡು ಹೋಗೋದು ಅಂದುಕೊಳ್ಳುತ್ತಾರೆ. ಕಾಯ್ದೆಯ ಅರ್ಥ ಬೇರೆ. ಮಗು ಶಾಲೆಗೆ ಸೇರಬೇಕು, ಬರಬೇಕು, ಎಂಟನೇ ಕ್ಲಾಸ್ ಮುಗಿಸಬೇಕು, ಇದನ್ನೆಲ್ಲ ನೋಡಿಕೊಳ್ಳುವ ಹೊಣೆ ಸರ್ಕಾರದ್ದು. ಸೇರಿಸುವ ಕರ್ತವ್ಯ ಅಪ್ಪ ಅಮ್ಮಂದಿರದ್ದು. "ಅಂದರೆ ದೊಡ್ಡವರಿಗೆ ಕಡ್ಡಾಯ!" ಅಂತ ಒಬ್ಬಳು ಕುಣಿದಿದ್ದಳು. ಅವಳಿಗೆ ಅರ್ಥವಾಗಿತ್ತು.

ಆಟ ಏನಾದರೂ ಇದೆಯಾ? ಮಾತು ಜಾಸ್ತಿಯಾದರೆ ಓಡಿ ಹೋಗ್ತಾರೆ.

ಇದೆ, ಕುಂಟೆಬಿಲ್ಲೆ. ನಮ್ಮ ಕ್ಲಾಸಿನಲ್ಲಿ ಚೆನ್ನಾಗಿ ನಡೆದದ್ದು ಅದೊಂದೇ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಂಟು ಮನೆ ಬರೆಯಿರಿ. ಒಂದೊಂದು ಮನೆಗೂ ಒಂದೊಂದು ಹೆಸರು: ದೂರ, ದುಡ್ಡು, ಕಾಗದಪತ್ರ, ಟಾಯ್ಲೆಟ್, ಪೆಟ್ಟು, ಭಾಷೆ, ದುಡಿಮೆ, ಮೆಟ್ಟಿಲು. ಆಚೆ ತುದಿಯಲ್ಲಿ ಶಾಲೆ. ಪ್ರತಿ ಮಗುವಿಗೂ ಒಂದು ಚೀಟಿ ಕೊಡಿ. "ನೀನು ಯಾದಗಿರಿಯಿಂದ ಬಂದವಳು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಚಿಕ್ಕ ತಮ್ಮ ಇದ್ದಾನೆ." ಈ ಹುಡುಗಿಗೆ ಯಾವ ಯಾವ ಮನೆಯಲ್ಲಿ ಕಲ್ಲು ಇರುತ್ತದೆ? ಅದನ್ನು ಮಕ್ಕಳೇ ಮಾತಾಡಿಕೊಂಡು ಇಡಬೇಕು. ಕಲ್ಲಿದ್ದ ಮನೆಗೆ ಕಾಲಿಡುವಂತಿಲ್ಲ. ಹಾರಿ ಹೋಗಬೇಕು. ಮೂರು ಮನೆ ಸಾಲಾಗಿ ಕಲ್ಲಿದ್ದರೆ ಎಂಥ ಚೂಟಿಯೂ ಬೀಳುತ್ತಾಳೆ. "ಸೊಸೈಟಿಯಲ್ಲಿ ಮನೆ, ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ" ಅನ್ನುವ ಚೀಟಿ ಸಿಕ್ಕವನು ನಡೆದುಕೊಂಡೇ ಹೋಗಿಬಿಡುತ್ತಾನೆ. ಉಳಿದವರು "ಚೀಟಿಂಗ್!" ಅಂತ ಕೂಗುತ್ತಾರೆ. ಕೂಗಲಿ ಬಿಡಿ.

ಎರಡನೇ ಸುತ್ತಿನಲ್ಲಿ ಕಾಯ್ದೆ ಬಂದು ಕಲ್ಲು ತೆಗೆಯುತ್ತದೆ. ಒಂದೊಂದು ಕಲ್ಲಿಗೆ ಒಂದೊಂದು ವಾಕ್ಯ. ಒಂದರಿಂದ ಐದನೇ ಕ್ಲಾಸಿನ ಶಾಲೆ 1 ಕಿಲೋಮೀಟರ್ ಒಳಗೆ ಇರಬೇಕು, ಆರರಿಂದ ಎಂಟಕ್ಕೆ 3 ಕಿಲೋಮೀಟರ್. ಸರ್ಕಾರಿ ಶಾಲೆಯಲ್ಲಿ ಶುಲ್ಕ ಇಲ್ಲ. ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಟಾಯ್ಲೆಟ್ ಇರಬೇಕು. ಕುಡಿಯುವ ನೀರು, ಆಟದ ಜಾಗ, ಲೈಬ್ರರಿ ಬೇಕು. ಹೊಡೆಯುವಂತಿಲ್ಲ. ಮೆಟ್ಟಿಲು ಹತ್ತಲಾಗದವರಿಗೂ ಒಳಗೆ ಬರಲು ದಾರಿ ಇರಬೇಕು.

ಮೆಟ್ಟಿಲ ಮನೆಯ ಹತ್ತಿರ ಒಂದು ವರ್ಷ ಆಟ ನಿಂತೇಹೋಯಿತು. ಕಾಲಿಗೆ ಪೋಲಿಯೋ ಆದ ಹುಡುಗನ ಚೀಟಿ ಹಿಡಿದಿದ್ದ ಏಳು ವರ್ಷದ ಹುಡುಗಿ ಹೇಳಿದಳು, "ಟೀಚರ್, ಇವನಿಗೆ ಕುಂಟೆಬಿಲ್ಲೆ ಆಡೋಕೇ ಆಗಲ್ಲ. ನೀವು ಕಲ್ಲು ತೆಗೆದರೆ ಏನು ಬಂತು?" ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಮಕ್ಕಳೇ ಮನೆಗಳನ್ನು ಅಳಿಸಿ ಅಗಲ ಮಾಡಿ ಬರೆದರು. ಕುಂಟುವ ನಿಯಮ ತೆಗೆದರು. ಅಂದಿನಿಂದ ನಮ್ಮಲ್ಲಿ ಕುಂಟೆಬಿಲ್ಲೆಯನ್ನು ಯಾರೂ ಕುಂಟಿಕೊಂಡು ಆಡುವುದಿಲ್ಲ.

ಕಥೆ ಹೇಳೋದಾದರೆ ಯಾರದ್ದು?

ದೂರದ ದೇಶದ ಕಥೆಗಳು ಬೇಡ ಅಂತಲ್ಲ. ಆದರೆ ಹತ್ತಿರದಲ್ಲೇ ಬೇಕಾದಷ್ಟಿವೆ.

ದಕ್ಷಿಣ ಕನ್ನಡ ಮೂಲದ ಮನೆಗಳಲ್ಲಿ ಕುದ್ಮುಲ್ ರಂಗರಾಯರ ಕಥೆ ಹೇಳಿ. 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದವರು. ಅವರ ಸ್ವಂತ ಜಾತಿಯವರೇ ಅವರನ್ನು ಹೊರಗಿಟ್ಟರು. ತನ್ನ ಶಾಲೆಯಲ್ಲಿ ಓದಿದ ಮಗು ಒಂದು ದಿನ ದೊಡ್ಡ ಹುದ್ದೆಗೆ ಹೋಗಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅಂತ ಅವರಿಗೆ ಆಸೆ. ಕಾರು ಬರುತ್ತದಲ್ಲ, ಹುಡುಗರು ಈ ಕಥೆ ಮರೆಯೋದಿಲ್ಲ.

ಪುಣೆಗೆ ಹೋದಾಗ ದಗಡೂಶೇಠ್ ಗಣಪತಿಗೆ ಎಲ್ಲರೂ ಹೋಗುತ್ತೀರಿ. ಅದರ ಎದುರಿಗೇ ಭಿಡೆ ವಾಡಾ ಇತ್ತು. 1848ರಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಹುಡುಗಿಯರ ಶಾಲೆ ಶುರು ಮಾಡಿದ್ದು ಅಲ್ಲೇ. ಹಳೆಯ ಕಟ್ಟಡವನ್ನು ಸ್ಮಾರಕ ಕಟ್ಟಲು 2023ರಲ್ಲಿ ಕೆಡವಿದರು. ಆದರೂ ದರ್ಶನದ ಸಾಲಿನಲ್ಲಿ ನಿಂತು ಆ ಜಾಗಕ್ಕೆ ಬೆರಳು ತೋರಿಸಿ ಹೇಳಬಹುದು. ಸಾವಿತ್ರಿಬಾಯಿ ಪಾಠ ಮಾಡಲು ಹೋಗುವಾಗ ಜನ ಸಗಣಿ, ಕೆಸರು ಎಸೆಯುತ್ತಿದ್ದರಂತೆ. ಅದಕ್ಕೇ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಳ್ಳುತ್ತಿದ್ದರಂತೆ. ನಮ್ಮ ಮಕ್ಕಳು ಕೇಳುವ ಮೊದಲ ಪ್ರಶ್ನೆ: "ಶಾಲೆಯಲ್ಲಿ ಸೀರೆ ಬದಲಾಯಿಸೋಕೆ ರೂಮ್ ಇತ್ತಾ?"

ಎಂಟು ವರ್ಷ ದಾಟಿದವರಿಗೆ ಲೆಕ್ಕವೂ ಕೊಡಬಹುದು. ಗೋಪಾಲಕೃಷ್ಣ ಗೋಖಲೆ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಸಿಗಬೇಕು ಅಂತ ಬ್ರಿಟಿಷರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದ್ದು 1911ರಲ್ಲಿ. ಅದು ಬಿದ್ದುಹೋಯಿತು. ಈಗಿನ ಕಾಯ್ದೆ ಜಾರಿಯಾದದ್ದು 2010ರಲ್ಲಿ. ಕಳೆಯಿರಿ. 99 ವರ್ಷ.

ಹಕ್ಕು ಹಕ್ಕು ಅಂತ ಹೇಳಿಕೊಟ್ಟರೆ ನಮಗೇ ಎದುರು ಮಾತಾಡ್ತಾರಲ್ಲ?

ಆಡ್ತಾರೆ. ನಾನು ಸುಳ್ಳು ಹೇಳೋದಿಲ್ಲ.

ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವ ಹಾಗೆ ಹೀಯಾಳಿಸುವುದನ್ನೂ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ. ಇದನ್ನು ಹೇಳಿದ ಸಂಜೆಯೇ ಒಬ್ಬ ತಾಯಿ ಫೋನ್ ಮಾಡಿದರು. ಮಗ ಊಟ ಬಿಟ್ಟು ಟಿವಿ ಮುಂದೆ ಕೂತಿದ್ದನಂತೆ, ಇವರು ಸೌಟು ಎತ್ತಿದ್ದಾರೆ. "ಸೆಕ್ಷನ್ ಹದಿನೇಳು!" ಅಂದನಂತೆ. ಆ ಸೆಕ್ಷನ್ ಶಾಲೆಗೆ ಮಾತ್ರ, ಅಡುಗೆಮನೆಗೆ ಬರುವುದಿಲ್ಲ ಅಂತ ಹೇಳಿ ನಾನು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಸೌಟು ಎತ್ತಬೇಡಿ ಅಂದೆ. ಅವರಿಗೆ ಸಿಟ್ಟು ಬಂತು. ಎರಡು ವಾರ ಮಗನನ್ನು ಕಳಿಸಲಿಲ್ಲ. ಮೂರನೇ ವಾರ ಬಂದ.

ಎದುರು ಮಾತಿಗೆ ಹೆದರಿ ಇದನ್ನು ಮುಚ್ಚಿಟ್ಟರೆ ಮಗು ಶಾಲೆಯಲ್ಲಿ ತಿಂದ ಪೆಟ್ಟನ್ನೂ ನಿಮ್ಮಿಂದ ಮುಚ್ಚಿಡುತ್ತದೆ. ನಾನು ಚಿಕ್ಕವಳಿದ್ದಾಗ ಒಂದು ಶಾಲೆಯಲ್ಲಿ ಬೆರಳ ಗಂಟಿಗೆ ಡಸ್ಟರ್‌ನಿಂದ ಹೊಡೆಯುತ್ತಿದ್ದರು. ಮನೆಯಲ್ಲಿ ಹೇಳಿದರೆ "ನೀನೇನು ಮಾಡಿದ್ದೆ?" ಅಂತ ಇನ್ನೊಂದು ಬೀಳುತ್ತಿತ್ತು. ಹಾಗಾಗಿ ಹೇಳುತ್ತಿರಲಿಲ್ಲ.

ನಮ್ಮ ಮಗಳು ಕ್ಲಾಸಿನ ಹುಡುಗನನ್ನು 'ಆರ್‌ಟಿಇ ಹುಡುಗ' ಅಂತಾಳೆ. ಏನು ಮಾಡೋದು?

ಆ ಪದ ಅವಳು ಎಲ್ಲಿ ಕೇಳಿದಳು ಅಂತ ಮೊದಲು ನೋಡಿ. ಬಹಳ ಸಲ ದೊಡ್ಡವರ ವಾಟ್ಸಾಪ್ ಗುಂಪಿನಿಂದಲೇ ಬಂದಿರುತ್ತದೆ.

ಸಂಗತಿ ಇಷ್ಟು. ಅನುದಾನ ಇಲ್ಲದ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಶೇ 25ರಷ್ಟು ಸೀಟನ್ನು ಹಿಂದುಳಿದ, ಬಡ ಕುಟುಂಬಗಳ ಮಕ್ಕಳಿಗೆ ಕೊಡಬೇಕು. ಅವರಿಗೆ ಶುಲ್ಕ ಇಲ್ಲ, ಆ ಹಣವನ್ನು ಸರ್ಕಾರ ಶಾಲೆಗೆ ತುಂಬಿಕೊಡಬೇಕು. ಮಹಾರಾಷ್ಟ್ರದಲ್ಲಿ ಆನ್‌ಲೈನ್ ಅರ್ಜಿ ಹಾಕಬೇಕು, ಲಾಟರಿ ಎತ್ತುತ್ತಾರೆ. ಆದಾಯದ ಲೆಕ್ಕದಲ್ಲಿ ಅರ್ಜಿ ಹಾಕುವವರ ವರ್ಷದ ಆದಾಯ 1 ಲಕ್ಷ ರೂಪಾಯಿ ಒಳಗಿರಬೇಕು. ಮುಂಬೈಯಂಥ ಊರಿಗೆ ಇದು ಏನೂ ಅಲ್ಲ, ನನ್ನ ಪ್ರಕಾರ ಈ ಮಿತಿಯೇ ತಪ್ಪು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ನಿಯಮ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ನಿಯಮ ತಿದ್ದಿ, 1 ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಅಂದಿತು. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು.

ಮಗಳಿಗೆ ಇಷ್ಟೆಲ್ಲ ಬೇಡ. "ಅವನ ಹೆಸರೇನು?" ಅಂತ ಕೇಳಿ, ಸಾಕು. ಹೆಸರು ಗೊತ್ತಿಲ್ಲ ಅಂದರೆ ನಾಳೆ ಕೇಳಿಕೊಂಡು ಬಾ ಅನ್ನಿ.

ನಮ್ಮದು ಹೋಟೆಲ್ ವ್ಯವಹಾರ. ಮಗ ಕೆಲಸದ ಹುಡುಗನನ್ನು ತೋರಿಸಿ "ಇವನು ಶಾಲೆಗೆ ಹೋಗಲ್ವಾ?" ಅಂದ. ಏನು ಹೇಳಲಿ?

ಈ ಪ್ರಶ್ನೆ ಕೇಳಿದವರು ನಾಚಿಕೊಂಡೇ ಕೇಳಿದರು. ಅಷ್ಟು ಧೈರ್ಯ ಮಾಡಿದ್ದಕ್ಕೆ ಅವರ ಮೇಲೆ ಗೌರವ ಇದೆ.

ಹುಡುಗನಿಗೆ 14 ತುಂಬಿಲ್ಲದಿದ್ದರೆ ಮಗನಿಗೆ ಹೇಳುವ ಉತ್ತರ ಯಾವುದೂ ಇಲ್ಲ, ಮಾಡುವ ಕೆಲಸ ಇದೆ. ಮನೆಗೆಲಸ, ಹೋಟೆಲು, ಡಾಬಾಗಳಲ್ಲಿ 14ರ ಒಳಗಿನವರನ್ನು ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದಲೇ ಅಪರಾಧ. 2016ರ ತಿದ್ದುಪಡಿಯ ನಂತರ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸಿನಿಮಾ, ಟಿವಿಯ ಬಾಲಕಲಾವಿದರನ್ನು ಬಿಟ್ಟರೆ, ಶಾಲೆ ಮುಗಿದ ಮೇಲೆ ಸ್ವಂತ ಮನೆಯವರಿಗೆ ಕೈಜೋಡಿಸುವುದಕ್ಕೆ ಮಾತ್ರ ಅವಕಾಶ, ಅದೂ ಅಪಾಯದ ಕೆಲಸ ಅಲ್ಲದಿದ್ದರೆ. "ದೂರದ ಸಂಬಂಧಿ, ಊರಿನ ಹುಡುಗ" ಅನ್ನುವ ಮಾತು ನಮ್ಮವರ ಬಾಯಲ್ಲಿ ಸುಲಭವಾಗಿ ಬರುತ್ತದೆ. ನನಗೂ ಗೊತ್ತು, ನಿಮಗೂ ಗೊತ್ತು.

"ನಮ್ಮಪ್ಪನೂ ಹಾಗೇ ಬಂದವರು" ಅಂತ ಅವರು ಅಂದರು. ನಿಜ. ಮುಂಬೈಯ ಉಡುಪಿ ಹೋಟೆಲುಗಳ ಚರಿತ್ರೆಯೇ ಗ್ಲಾಸ್ ತೊಳೆದ ಹುಡುಗರದ್ದು. ಹತ್ತು ಹನ್ನೆರಡು ವರ್ಷಕ್ಕೆ ಊರು ಬಿಟ್ಟು ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆಗಳಲ್ಲಿ ತೂಕಡಿಸುತ್ತಾ ಓದಿ ಮೆಟ್ರಿಕ್ ಮಾಡಿದವರು ಎಷ್ಟೋ ಮಂದಿ. ನಾವು ಸಂಘದ ವಾರ್ಷಿಕೋತ್ಸವಗಳಲ್ಲಿ ಅವರಿಗೆ ಶಾಲು ಹೊದಿಸುತ್ತೇವೆ, ಹೊದಿಸಲೇಬೇಕು. ಆದರೆ ಅವರ ಜೊತೆಗೆ ಅದೇ ಟ್ರಕ್ಕಿನಲ್ಲೋ ಹಡಗಿನಲ್ಲೋ ಬಂದು, ರಾತ್ರಿಶಾಲೆಗೂ ಹೋಗಲಾಗದೆ ಕಡೆಯ ತನಕ ಪಾತ್ರೆ ತೊಳೆಯುವ ಮೋರಿಯಲ್ಲೇ ಉಳಿದವರಿಗೆ ಯಾವ ವೇದಿಕೆಯೂ ಸಿಗಲಿಲ್ಲ. ಮಕ್ಕಳಿಗೆ ಅಜ್ಜನ ಕಥೆ ಹೇಳುವಾಗ ಇವರನ್ನೂ ಸೇರಿಸಿ ಹೇಳಿ.

ಯಾವುದಾದರೂ ಮಗು ಕಷ್ಟದಲ್ಲಿದೆ ಅನ್ನಿಸಿದರೆ 1098ಕ್ಕೆ ಫೋನ್ ಮಾಡಬಹುದು. ಆ ಮಕ್ಕಳ ಸಹಾಯವಾಣಿ 1996ರಲ್ಲಿ ಶುರುವಾದದ್ದು ನಮ್ಮ ಮುಂಬೈಯಲ್ಲೇ. ಹತ್ತು, ಒಂಬತ್ತು, ಎಂಟು: ಇಂಗ್ಲಿಷಿನಲ್ಲಿ ಹಿಂದೆ ಎಣಿಸುವ ಹಾಗೆ ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ.

ಗುಳೆ ಬಂದವರ ಮಕ್ಕಳನ್ನು ನಡುವರ್ಷದಲ್ಲಿ ಸೇರಿಸಿಕೊಳ್ಳುತ್ತಾರಾ? ಟಿಸಿಯೂ ಇಲ್ಲ.

ಸೇರಿಸಿಕೊಳ್ಳಬೇಕು. ಟಿಸಿ ತಡವಾಯಿತು ಅಂತ ಬೇಡ ಅನ್ನುವಂತಿಲ್ಲ, ತಿಂಗಳು ಕಳೆದು ಬಂದರೂ ಬೇಡ ಅನ್ನುವಂತಿಲ್ಲ. ಒಂಬತ್ತು ವರ್ಷದ ಹುಡುಗಿ ಶಾಲೆಯ ಮುಖವನ್ನೇ ನೋಡಿಲ್ಲದಿದ್ದರೂ ಅವಳನ್ನು ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಬೇಕು. ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಗೇಟಿನ ಹತ್ತಿರ "ದಾಖಲಾ ಲಾಗೇಲ್" (ಪ್ರಮಾಣಪತ್ರ ಬೇಕು) ಅಂದರೆ ಹಿಂದೆ ಬರಬೇಡಿ. ಮುಖ್ಯ ಶಿಕ್ಷಕರನ್ನೇ ಭೇಟಿ ಮಾಡಿ, ಆಗುವುದಿಲ್ಲ ಅಂದರೆ ಬರೆದು ಕೊಡಿ ಅನ್ನಿ. ಬರೆದು ಕೊಡಿ ಅಂದ ಮೇಲೆ ಬಹಳ ಜನ ಮೆತ್ತಗಾಗುತ್ತಾರೆ.

ಕನ್ನಡದಲ್ಲಿ ಓದೋದೂ ಹಕ್ಕಾ?

ಅರ್ಧ ಹೌದು. ಆದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಅಂತ ಕಾಯ್ದೆ ಹೇಳುತ್ತದೆ. 'ಆದಷ್ಟು ಮಟ್ಟಿಗೆ' ಅನ್ನುವ ಮಾತಿನೊಳಗೆ ಎಲ್ಲ ಮುಳುಗಿಹೋಗುತ್ತದೆ. ಮುಂಬೈ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಆದರೆ ನಮ್ಮ ಕ್ಲಾಸಿಗೆ ಬರುವ ಪಾಲಕರಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮ ಆರಿಸಿಕೊಂಡವರು, ನಾನೂ ಸೇರಿ. ಮಾಧ್ಯಮ ಆರಿಸುವುದು ಪಾಲಕರಿಗೆ ಬಿಟ್ಟದ್ದು, ಸರ್ಕಾರ ಹೇರುವಂತಿಲ್ಲ ಅಂತ ಕರ್ನಾಟಕದ ಭಾಷಾ ಮಾಧ್ಯಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ. ಮಹಾರಾಷ್ಟ್ರದಲ್ಲಿ ಮರಾಠಿ ಕಲಿಯುವುದು 2020ರ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲೂ ಕಡ್ಡಾಯ. ಅದರ ಬಗ್ಗೆ ನನ್ನದು ತಕರಾರಿಲ್ಲ. ಇಲ್ಲಿ ಬದುಕುವವರಿಗೆ ಇಲ್ಲಿನ ಭಾಷೆ ಬೇಕು.

ಮಗು "ನನಗೆ ಶಾಲೆಗೆ ಹೋಗದೇ ಇರೋ ಹಕ್ಕು ಬೇಕು" ಅಂದರೆ?

ಸೋಮವಾರವಾದರೆ ನಗಿ. ವಾರವಿಡೀ ಅದೇ ಮಾತಾದರೆ ಶಾಲೆಯಲ್ಲಿ ಏನಾಗುತ್ತಿದೆ ಅಂತ ವಿಚಾರಿಸಿ.

ಕಡೆಗೆ ಪರೀಕ್ಷೆ ಇಡ್ತೀರಾ?

ಇಲ್ಲ. ನಾಲ್ಕನೇ ಭಾನುವಾರ ಪ್ರತಿ ಮಗುವೂ ತನ್ನ ಶಾಲೆಗೆ ಕೇಳಬೇಕಾದ ಒಂದು ಪ್ರಶ್ನೆ ಬರೆಯುತ್ತದೆ. ಬರೆಯಲು ಬಾರದವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಕಳೆದ ಸಲ ಬಂದವುಗಳಲ್ಲಿ ಕೆಲವು: "ಹುಡುಗಿಯರ ಟಾಯ್ಲೆಟ್ ಬಾಗಿಲಿಗೆ ಚಿಲಕ ಯಾಕಿಲ್ಲ?" "ಲೈಬ್ರರಿಗೆ ಬೀಗ ಯಾಕೆ?" "ವಾಚ್‌ಮನ್ ಅಂಕಲ್ ಮಗಳು ಊರಲ್ಲಿದ್ದಾಳೆ, ಅವಳನ್ನು ನಮ್ಮ ಶಾಲೆಗೆ ಕರೆಯಬಹುದಾ?"

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು. ಅದರಲ್ಲಿ ಮುಕ್ಕಾಲು ಪಾಲು ಪಾಲಕರೇ, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ನಮ್ಮ ಒಬ್ಬ ತಾಯಿ ಅಂಥ ಒಂದು ಸಮಿತಿಯಲ್ಲಿದ್ದಾರೆ. ಮೊದಲೆರಡು ಪ್ರಶ್ನೆಗಳ ಚೀಟಿಯನ್ನು ಅವರು ಮೀಟಿಂಗಿಗೆ ತೆಗೆದುಕೊಂಡು ಹೋದರು. ಎರಡನೇ ಮೀಟಿಂಗ್ ಹೊತ್ತಿಗೆ ಚಿಲಕ ಬಂತು. ಲೈಬ್ರರಿಯ ಬೀಗ ಇನ್ನೂ ಹಾಗೇ ಇದೆ, ಕೀ ಯಾರ ಹತ್ತಿರ ಇದೆ ಅಂತ ಹುಡುಕುತ್ತಿದ್ದಾರೆ.